ಬೀರು ಮೇಲಿನವರು

ಕೀಲಿ ತಿರುಗಿಸಿ ಬಾಗಿಲು ತಳ್ಳಿದ್ದೇ ತಡ, ಒಳಗಿನಿಂದ ಎರಡು ದನಿಗಳು ಒಟ್ಟಿಗೆ ಕೇಳಿಸಿದವು. ಒಂದು ನಾಯಿಯ ಊಳು. ಇನ್ನೊಂದು ಗಂಡಸಿನ ದನಿ.

"ಬರ್ತೀನಿ ಮೇಷ್ಟ್ರೇ, ಬೇಗ ಬರ್ತೀನಿ. ಅಳಬೇಡಿ ಮೇಷ್ಟ್ರೇ, ಬರ್ತೀನಿ ಅಂದ್ನಲ್ಲ!"

ಅವಳು ಹೊಸ್ತಿಲಲ್ಲೇ ನಿಂತಳು. ಮನೆಯಲ್ಲಿ ಒಂದು ನಾಯಿ ಬಿಟ್ಟು ಇನ್ನೊಂದು ನರಪಿಳ್ಳೆಯೂ ಇರುವುದಿಲ್ಲ ಎಂದು ಮನೆ ಯಜಮಾನನ ಅಕ್ಕ ಫೋನಿನಲ್ಲಿ ಹೇಳಿದ್ದರು. ಇಲ್ಲಿ ನೋಡಿದರೆ ಒಬ್ಬ ಗಂಡಸು, ಜೊತೆಗೆ ಅಳುವ ಒಬ್ಬ ಮೇಷ್ಟ್ರು! ಬಾಗಿಲ ಮೂಲೆಯಲ್ಲಿ ನೆಲ ಒರೆಸುವ ಕೋಲು ಕಂಡಿತು. ಅದನ್ನೇ ಎರಡು ಕೈಯಲ್ಲಿ ಹಿಡಿದುಕೊಂಡಳು.

"ಯಾರ್ರೀ ಅದು? ಈಚೆ ಬನ್ನಿ!"

ದನಿ ಥಟ್ಟನೆ ನಿಂತಿತು. ಆಮೇಲೆ ಇನ್ನೂ ಜೋರಾಯಿತು. "ನೀವ್ಯಾರ್ರೀ? ನಮ್ಮನೆ ಒಳಗೆ ಹೇಗೆ ಬಂದ್ರಿ?"

"ಬಾಗಿಲಿಂದ ಬಂದೆ. ನೀವು ಹೇಗೆ ಬಂದ್ರಿ, ಅದು ಹೇಳಿ ಮೊದಲು."

"ನಾನೆಲ್ಲಿ ಬಂದಿದೀನಿ? ನಾನು ಅಂಗಡೀಲಿದೀನಿ!"

"ಅಂಗಡೀಲಿರೋರು ಇಲ್ಲಿ ಹೇಗೆ ಮಾತಾಡ್ತೀರಿ? ಯಾರ ಕಿವಿಗೆ ಹೂವು ಇಡ್ತೀರಿ?"

"ಬೀರು ಮೇಲೆ ನೋಡಿ ತಾಯಿ, ಬೀರು ಮೇಲೆ."

ಬೀರುವಿನ ಮೇಲೆ ಕಾಫಿ ಲೋಟದಷ್ಟು ದೊಡ್ಡ ಬಿಳಿಯ ಕ್ಯಾಮರಾ ಕೂತಿತ್ತು. ಅದರ ಹಣೆಯ ಮೇಲೆ ನೀಲಿ ಚುಕ್ಕೆಯೊಂದು ಹೊಳೆಯುತ್ತಿತ್ತು. ಅವಳಿಗೆ ನಾಚಿಕೆಯಾಯಿತು. ಆದರೆ ಸೋಲೊಪ್ಪುವ ಜಾತಿ ಅವಳದಲ್ಲ, ಕೋಲನ್ನು ಕೆಳಗಿಡಲಿಲ್ಲ.

"ನಾಯಿ ನೋಡಿಕೊಳ್ಳೋಕೆ ಬಂದವಳು ನಾನು. ಇವತ್ತಿಂದ ಅಂತ ನಿಮ್ಮಕ್ಕನೇ ಹೇಳಿದ್ದು."

"ನನಗೆ ನಾಳೆಯಿಂದ ಅಂದಿದ್ಲು." ದನಿ ಸ್ವಲ್ಪ ಮೆತ್ತಗಾಯಿತು. "ಆ ಕೋಲು ಕೆಳಗಿಡ್ತೀರಾ? ಮೇಷ್ಟ್ರು ಹೆದರ್ತಾರೆ."

ಸೋಫಾದ ಅಡಿಯಿಂದ ಒಂದು ಮೂತಿ ಈಚೆ ಬಂತು. ಬೂದು ಮೈ, ಪೊದೆಯಂಥ ಬಿಳಿ ಹುಬ್ಬು. ಮನೆಪಾಠ ಮಾಡದೆ ಬಂದವರನ್ನು ನೋಡುವ ಹಾಗೆ ಅದು ಅವಳನ್ನು ನೋಡಿತು. ಹೆಸರು ಯಾಕೆ ಹಾಗೆ ಬಂತೆಂದು ಕೇಳುವ ಅಗತ್ಯವೇ ಇರಲಿಲ್ಲ. ಅವಳು ಕೋಲನ್ನು ಗೋಡೆಗೆ ಒರಗಿಸಿ, ನೆಲದ ಮೇಲೆ ಕೂತು, ಅಂಗೈ ಚಾಚಿದಳು.

"ಕ್ಷಮಿಸಿ ಮೇಷ್ಟ್ರೇ, ನೀವೂಂತ ಗೊತ್ತಾಗಲಿಲ್ಲ," ಎಂದಳು.

ಬೀರುವಿನ ಮೇಲೆ ಯಾರೋ ನಕ್ಕರು.

ಅವಳ ಕೆಲಸವೇ ಅದು. ಜನ ಒಂಬತ್ತಕ್ಕೆ ಮನೆ ಬಿಟ್ಟು ಆರಕ್ಕೆ ಮರಳುತ್ತಾರೆ. ನಡುವಿನ ಒಂಬತ್ತು ಗಂಟೆ ನಾಯಿಗಳದು. ಅಷ್ಟು ಹೊತ್ತು ಅವು ಏನು ಮಾಡುತ್ತವೆಂದು ಮಾಲೀಕರಿಗೆ ಗೊತ್ತಿಲ್ಲ, ಅವಳಿಗೆ ಗೊತ್ತು. ಒಂದು ಕಿಟಕಿಯಲ್ಲಿ ಕೂತು ಬೀದಿ ಕಾಯುತ್ತದೆ. ಒಂದು ಯಜಮಾನನ ಕಾಲುಚೀಲ ತಬ್ಬಿಕೊಂಡು ಮಲಗುತ್ತದೆ. ಇನ್ನೊಂದು ಕುರ್ಚಿಯ ಕಾಲು ಕಡಿದು ಸಿಟ್ಟು ತೀರಿಸಿಕೊಳ್ಳುತ್ತದೆ. ಅವಳದು ಐದು ಮನೆ, ಐದು ಕೀಲಿ. ಹೋಗಿ, ನೀರು ಬದಲಿಸಿ, ಹೊರಗೆ ಒಂದು ಸುತ್ತು ಹಾಕಿಸಿ, ಪಾದ ಒರೆಸಿ, ಒಂದಿಷ್ಟು ಹೊತ್ತು ಜೊತೆಗೆ ಕೂತು ಬರುತ್ತಿದ್ದಳು. ಕಟ್ಟಡಗಳ ವಾಚ್‌ಮನ್‌ಗಳಿಗೆ ಅವಳು 'ನಾಯಿ ಮೇಡಂ'. ಮನೆಯಲ್ಲಿ ಅತ್ತಿಗೆ ಮಾತ್ರ, "ನಾಲ್ಕು ಕಾಲಿನವರ ಮನೇನೆಲ್ಲ ಸುತ್ತಿ ಬರ್ತೀಯ, ಎರಡು ಕಾಲಿನವನೊಬ್ಬ ಕಣ್ಣಿಗೆ ಬೀಳೋದಿಲ್ವೇನೇ?" ಎಂದು ಚುಡಾಯಿಸುತ್ತಿದ್ದಳು.

ಮೇಷ್ಟ್ರ ಕಥೆ ಸ್ವಲ್ಪ ಗಂಭೀರವಾಗಿತ್ತು. ಅವರ ಯಜಮಾನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಮೊದಲು ಅಂಗಡಿ ಬೀದಿಬದಿಯಲ್ಲಿತ್ತು. ಮೇಷ್ಟ್ರು ದಿನವಿಡೀ ಕೌಂಟರ್ ಕೆಳಗೆ ಮಲಗಿ, ಬಂದವರ ಚಪ್ಪಲಿ ಮೂಸಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ಮೂರು ತಿಂಗಳ ಹಿಂದೆ ಅಂಗಡಿ ಆಸ್ಪತ್ರೆಯ ಕಟ್ಟಡಕ್ಕೆ ಹೋಯಿತು. ಅಲ್ಲಿ ನಾಯಿಗೆ ಪ್ರವೇಶವಿಲ್ಲ. ಅಂದಿನಿಂದ ಮೇಷ್ಟ್ರು ಮನೆಯಲ್ಲಿ ಒಬ್ಬರೇ, ಅಂದಿನಿಂದಲೇ ಈ ಊಳು.

ಕೆಳಗಿನ ಮನೆಯಲ್ಲಿ ಒಬ್ಬ ನರ್ಸಮ್ಮ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು. ಮೂರು ತಿಂಗಳಿಂದ ಅವರು ಒಂದು ಗಂಟೆ ಒಟ್ಟಿಗೆ ಕಣ್ಣು ಮುಚ್ಚಿರಲಿಲ್ಲ. ಕಡೆಗೆ ಕಟ್ಟಡದ ಸಂಘ ಕಾಗದ ಕಳಿಸಿತು: ತಿಂಗಳ ಕೊನೆಯ ಶುಕ್ರವಾರದ ಒಳಗೆ ಕೂಗು ನಿಲ್ಲಬೇಕು, ಇಲ್ಲವೇ ನಾಯಿ ಹೋಗಬೇಕು. ಹೋಗುವುದೆಂದರೆ ಊರಾಚೆಯ ಆಶ್ರಮಕ್ಕೆ, ನಲವತ್ತು ನಾಯಿಗಳ ನಡುವೆ ನಲವತ್ತೊಂದನೆಯದಾಗಿ.

"ಒಂಬತ್ತು ವರ್ಷ ಆಗಿದೆ ಅವರಿಗೆ," ಎಂದು ಮೊದಲ ದಿನವೇ ಬೀರುವಿನ ಮೇಲಿನ ದನಿ ಹೇಳಿತ್ತು. "ಅಲ್ಲಿಗೆ ಬಿಟ್ಟು ಬಂದ್ರೆ ಅನ್ನ ಮುಟ್ಟಲ್ಲ. ನನಗೆ ಗೊತ್ತು."

ಆ ದನಿಯಲ್ಲಿ ನಾಟಕವಿರಲಿಲ್ಲ. ಅವಳಿಗೆ ಅದು ನೇರವಾಗಿ ಎದೆಗೆ ತಾಗಿತು.

ಹೀಗೆ ಕೆಲಸ ಶುರುವಾಯಿತು. ಹನ್ನೊಂದೂವರೆಗೆ ಅವಳು ಬರುವಳು. ಮೇಷ್ಟ್ರನ್ನು ಹೊರಗೆ ಸುತ್ತಾಡಿಸಿ, ರಬ್ಬರ್ ಆಟಿಕೆಯೊಳಗೆ ಬೇಯಿಸಿದ ಕ್ಯಾರೆಟ್ ತುಂಬಿ ಕೊಟ್ಟು, "ಬರ್ತೀನಿ ಮೇಷ್ಟ್ರೇ" ಎಂದು ಹೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುವಳು. ಎರಡು ನಿಮಿಷ. ಮರಳಿ ಬರುವುದು. ಐದು ನಿಮಿಷ. ಮರಳಿ ಬರುವುದು. ಒಬ್ಬರೇ ಇರುವುದನ್ನು ನಾಯಿಗೆ ಕಲಿಸುವ ರೀತಿ ಇದೇ. ಬೇರೆ ನಾಲ್ಕು ನಾಯಿಗಳು ಹೀಗೇ ಕಲಿತಿದ್ದವು. ಮೇಷ್ಟ್ರು ಮಾತ್ರ ಕಲಿಯಲಿಲ್ಲ. ಅವಳು ಬಾಗಿಲು ಮುಟ್ಟುವುದರೊಳಗೆ ಊಳು ಏಳುತ್ತಿತ್ತು.

ಕಲಿತದ್ದು ಬೇರೆ ಇಬ್ಬರು. ಬೀರುವಿಗೂ ಅವಳಿಗೂ ಮಾತು ಬೆಳೆಯಿತು.

"ಇವತ್ತು ಎಷ್ಟು ಜನರ ಕಣ್ಣು ನೋಡಿದ್ರಿ?"

"ಹದಿನಾಲ್ಕು."

"ಹದಿನಾಲ್ಕು ಜನರ ಕಣ್ಣೊಳಗೆ ಇಣುಕಿ ಬಂದವರು ಇನ್ನೂ ಮದುವೆ ಆಗಿಲ್ಲ ಅಂದ್ರೆ ನಂಬೋಕಾಗಲ್ಲ."

"ನಾನು ನೋಡೋದು ನಂಬರ್ ಮಾತ್ರ ರೀ."

"ಅದೇ ಅಂದೆ. ನೋಡಬೇಕಾದ್ದು ಬಿಟ್ಟು ಬೇರೆಲ್ಲ ನೋಡ್ತೀರಿ."

ಅತ್ತ ಕೆಮ್ಮು. "ಗಿರಾಕಿ ಬಂದ್ರು," ಎಂದು ದನಿ ಓಡಿಹೋಗುವುದು. ಗಿರಾಕಿ ಬಂದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತು. ಅವಳು ಮೇಷ್ಟ್ರ ಕಿವಿಯ ಹಿಂದೆ ಕೆರೆಯುತ್ತ ಒಬ್ಬಳೇ ನಗುವಳು. ಬೀರುವಿನ ಕಡೆಗೆ ಬೆನ್ನು ಮಾಡಿಕೊಂಡು, ನಗು ಕಾಣದ ಹಾಗೆ.

ಅವನ ಮುಖವನ್ನು ಅವಳು ಕಂಡಿರಲಿಲ್ಲ. ಆದರೆ ಮನೆಯಿಡೀ ಅವನೇ ಇದ್ದ. ಮಡಚಿ ಇಟ್ಟ ಟವಲ್, ತೊಳೆದು ಬೋರಲು ಹಾಕಿದ ಒಂದೇ ಒಂದು ಲೋಟ, ಮೇಷ್ಟ್ರಿಗೆ ಹತ್ತಲು ಸುಲಭವಾಗಲೆಂದು ಸೋಫಾದ ಮುಂದೆ ತಾನೇ ಮರ ಕೊಯ್ದು ಮಾಡಿದ ಪುಟ್ಟ ಮೆಟ್ಟಿಲು. ಆ ಮೆಟ್ಟಿಲಿನ ಅಂಚುಗಳನ್ನು ಎಷ್ಟು ನಯವಾಗಿ ಉಜ್ಜಿದ್ದನೆಂದರೆ ಅವಳು ಒಮ್ಮೆ ಅದರ ಮೇಲೆ ಕೈಯಾಡಿಸುತ್ತ ಹೊತ್ತು ಹೋದದ್ದೇ ಮರೆತಿದ್ದಳು.

"ಏನು ಹುಡುಕ್ತಿದ್ದೀರಿ ಅಲ್ಲಿ?" ಎಂದು ಬೀರು ಕೇಳಿತ್ತು.

"ಧೂಳು," ಎಂದಿದ್ದಳು.

"ಸಿಕ್ತಾ?"

"ಇಲ್ಲ. ಅದೇ ಬೇಜಾರು."

ಮನೆಯಲ್ಲಿ ಅತ್ತಿಗೆಗೆ ವಾಸನೆ ಹತ್ತಿತು. "ಗಂಡಸು ಅಂದ್ರೆ ಕೈಕಾಲು, ಮೂಗು, ಬಾಯಿ ಇರಬೇಕು ಕಣೇ. ನಿನ್ನದು ಬರೀ ದನಿ."

"ಯಾರ್ದು? ಯಾರು? ಸುಮ್ನಿರಿ ಅತ್ತಿಗೆ."

"ಮುಖ ಕೆಂಪಾಯ್ತು. ಅಂದ್ರೆ ಇದ್ದಾನೆ."

ಇದ್ದ, ನಿಜ. ಆದರೆ ಅವಳು ಲೆಕ್ಕ ಹಾಕಿ ನೋಡಿದರೆ ಎರಡೂ ಕಡೆ ಸೋಲು. ಮೇಷ್ಟ್ರು ಕೂಗು ನಿಲ್ಲಿಸದಿದ್ದರೆ ಅವರು ಆಶ್ರಮಕ್ಕೆ, ಅವಳಿಗೆ ಆ ಮನೆಯಲ್ಲಿ ಕೆಲಸವಿಲ್ಲ. ನಿಲ್ಲಿಸಿದರೆ ಮೇಷ್ಟ್ರು ಒಬ್ಬರೇ ಇರಲು ಕಲಿತರು ಅಂತಾಯಿತು. ಆಗಲೂ ಅವಳಿಗೆ ಕೆಲಸವಿಲ್ಲ. ಆದರೂ ಅವಳು ಮನಸ್ಸಿಟ್ಟೇ ಕಲಿಸಿದಳು. ಆ ಬಿಳಿ ಹುಬ್ಬಿನ ಮುಖವನ್ನು ನಲವತ್ತು ಅಪರಿಚಿತ ಮೂತಿಗಳ ನಡುವೆ ಊಹಿಸಿಕೊಳ್ಳಲು ಅವಳಿಂದ ಆಗುತ್ತಿರಲಿಲ್ಲ.

ಮೂರನೆಯ ವಾರದ ಗುರುವಾರ ಅವಳ ಗಂಟಲು ಕಟ್ಟಿತು. ಬೆಳಿಗ್ಗೆ ಎದ್ದರೆ ಬಾಯಿಂದ ಬರೀ ಗಾಳಿ. ಆದರೂ ಕೆಲಸಕ್ಕೆ ಬಂದಳು. ಮಾತಿಲ್ಲದೆ ಮೇಷ್ಟ್ರನ್ನು ಸುತ್ತಾಡಿಸಿ, ಮಾತಿಲ್ಲದೆ ಪಾದ ಒರೆಸಿ, ಮಾತಿಲ್ಲದೆ ಹೊರಗೆ ಬಂದು ಬಾಗಿಲೆಳೆದುಕೊಂಡು ಮೆಟ್ಟಿಲ ಮೇಲೆ ಕೂತಳು.

ಎರಡು ನಿಮಿಷವಾಯಿತು. ಸದ್ದಿಲ್ಲ. ಐದಾಯಿತು. ಹತ್ತಾಯಿತು. ಅವಳು ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು! ಇಪ್ಪತ್ತು. ಮೂವತ್ತು. ನಲವತ್ತನೆಯ ನಿಮಿಷಕ್ಕೆ ಬೀರುವಿನ ಮೇಲಿನಿಂದ ಪ್ರೀತಿ ತುಂಬಿದ ದನಿ ಕೇಳಿಸಿತು.

"ಮೇಷ್ಟ್ರೇ, ಮಲಗಿದ್ದೀರಾ? ಬರ್ತೀನಿ ಆಯ್ತಾ? ಬೇಗ ಬರ್ತೀನಿ."

ಗೊರಕೆ ನಿಂತಿತು. ಊಳು ಎದ್ದಿತು.

ಅವಳು ಹಣೆ ಹಣೆ ಚಚ್ಚಿಕೊಂಡು ಒಳಗೆ ಓಡಿದಳು. ಕೂಗಲು ಗಂಟಲಿಲ್ಲ. ಮೇಜಿನ ಮೇಲಿದ್ದ ಹಳೆಯ ಪೇಪರ್ ಎಳೆದು ಮಾರ್ಕರ್‌ನಲ್ಲಿ ದಪ್ಪಗೆ ಬರೆದು ಬೀರುವಿನ ಎದುರು ಎತ್ತಿ ಹಿಡಿದಳು: 'ಬಾಯಿ ಮುಚ್ಚಿ!'

"ಏನ್ರೀ ಇದು?" ಬೀರುವಿಗೆ ಅವಮಾನವಾಗಿತ್ತು.

ಅವಳು ಕುರ್ಚಿ ಹತ್ತಿ, ಕ್ಯಾಮರಾದ ಹತ್ತಿರ ಬಾಯಿಟ್ಟು, ಪಿಸುದನಿಯಲ್ಲಿ ಕೇಳಿದಳು. "ಬೆಳಿಗ್ಗೆ ಮನೆ ಬಿಡುವಾಗ ಮೇಷ್ಟ್ರಿಗೆ ಏನು ಹೇಳ್ತೀರಿ?"

"ಏನು ಹೇಳ್ತೀನಿ? ಬರ್ತೀನಿ ಮೇಷ್ಟ್ರೇ ಅಂತೀನಿ. ಹೋಗ್ತೀನಿ ಅನ್ನೋಕಾಗುತ್ತಾ?"

"ಅಂದ ಮೇಲೆ ಏನು ಮಾಡ್ತೀರಿ?"

"ಬಾಗಿಲು ಹಾಕ್ಕೊಂಡು ಹೋ..."

ಮಾತು ಅಲ್ಲೇ ಕಡಿಯಿತು.

ನಾವು ಕನ್ನಡದವರು ಹೊರಡುವಾಗ ಹೋಗುತ್ತೇನೆ ಎನ್ನುವುದಿಲ್ಲ. ಬಾಯಿಗೇ ಬರುವುದಿಲ್ಲ. ಹೋಗುವವರೆಲ್ಲ ಬರುತ್ತೇನೆ ಎಂದೇ ಹೋಗುವುದು, ಉಳಿದವರು ಅದನ್ನು ಸರಿಯಾಗಿಯೇ ಅರ್ಥ ಮಾಡಿಕೊಳ್ಳುವುದು. ಮೇಷ್ಟ್ರಿಗೆ ಈ ವ್ಯಾಕರಣ ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಮಟ್ಟಿಗೆ 'ಬರ್ತೀನಿ' ಎಂದರೆ ಬಾಗಿಲು ಮುಚ್ಚುವ ಮಾತು, ಮನೆ ಖಾಲಿಯಾಗುವ ಮಾತು.

"ಇಲ್ಲಿಂದ ದಿನಕ್ಕೆ ಎಷ್ಟು ಸಲ ಹಾಗಂತೀರಿ?" ಅವಳು ಮೆಲ್ಲಗೆ ಕೇಳಿದಳು.

"ಆರು ಸಲ. ಏಳು ಸಲ." ದನಿ ಒಡೆಯಿತು. "ಸಮಾಧಾನ ಮಾಡ್ತಿದೀನಿ ಅಂದ್ಕೊಂಡಿದ್ದೆ ರೀ. ದಿನಕ್ಕೆ ಏಳು ಸಲ ಬಿಟ್ಟುಹೋಗಿದೀನಿ ಅವರನ್ನ."

ಅವಳಿಗೆ ನಗು ಬಂದಿತ್ತು. ಈಗ ಕಣ್ಣು ತುಂಬಿತು. "ನಾನೂ ಅಂದಿದೀನಿ. ದಿನಾ ಅಂದಿದೀನಿ. ನಿಮ್ಮೊಬ್ಬರ ತಪ್ಪಲ್ಲ."

"ಈಗ ಏನು ಮಾಡೋದು?"

"ಹೊರಡುವಾಗ ಏನೂ ಹೇಳಬೇಡಿ. ಸುಮ್ಮನೆ ಹೊರಡಿ. ಇದರ ಸ್ಪೀಕರ್ ಆಫ್ ಮಾಡಿಬಿಡಿ. ನೋಡೋದು ನೋಡಿ, ಕೇಳೋದು ಕೇಳಿ. ಮಾತು ಬೇಡ. ನಿಮ್ಮ ದನಿ ಬಂದ್ರೆ ಇವರು ಮನೆಯೆಲ್ಲ ಹುಡುಕ್ತಾರೆ."

"ಮತ್ತೆ ನಿಮ್ಮ ಹತ್ರ ಮಾತಾಡೋದು?"

ಯೋಚಿಸದೆ ಬಂದ ಮಾತು ಅದು. ಮೇಷ್ಟ್ರು ಒಮ್ಮೆ ಅವಳನ್ನೂ ಒಮ್ಮೆ ಬೀರುವನ್ನೂ ನೋಡಿದರು.

"ಅದೂ ಬೇಡ," ಎಂದಳು. ಗಂಟಲು ಕಟ್ಟಿದ್ದು ಒಳ್ಳೆಯದೇ ಆಯಿತು. ದನಿ ನಡುಗಿದ್ದು ಗೊತ್ತಾಗಲಿಲ್ಲ.

ಮರುದಿನದಿಂದ ಬೀರು ಮೂಕವಾಯಿತು. ನೀಲಿ ಚುಕ್ಕೆ ಮಾತ್ರ ಉರಿಯುತ್ತಿತ್ತು. ಮೇಷ್ಟ್ರು ಮೊದಲ ದಿನ ಎರಡೇ ಸಲ ಕೂಗಿದರು, ಆಮೇಲೆ ಒಂದು ಸಲ, ಆಮೇಲೆ ಅದೂ ಅರ್ಧಕ್ಕೆ ನಿಂತಿತು. ಅವಳ ಕೆಲಸ ಗೆಲ್ಲುತ್ತಿತ್ತು. ಅವಳಿಗೋ ಆ ಮನೆಗೆ ಕಾಲಿಟ್ಟರೆ ಬಣಬಣ. ಇಬ್ಬರ ಬಳಿಯೂ ಫೋನ್ ನಂಬರ್ ಇತ್ತು. ಆದರೆ ಫೋನ್ ಮಾಡಲು ಕಾರಣ ಬೇಕು. ಬೀರುವಿನ ಮೇಲಿನಿಂದ ಮಾತಾಡಲು ಕಾರಣ ಬೇಕಿರಲಿಲ್ಲ.

ಗಂಟಲು ಬಿಟ್ಟ ಮೇಲೆ ಅವಳು ಮೇಷ್ಟ್ರ ಜೊತೆ ಮಾತಾಡತೊಡಗಿದಳು. ಮಾತು ಮೇಷ್ಟ್ರಿಗೆ, ಮುಖ ಬೀರುವಿಗೆ.

"ಮೇಷ್ಟ್ರೇ, ಇನ್ನೂ ಗಂಟಲು ಕೆರೀತಿದೆ. ಬಿಸಿನೀರು ಕುಡಿಯೋಣ ಅಂದ್ರೆ ನಿಮ್ಮನೇಲಿ ಪಾತ್ರೆ ಎಲ್ಲಿದೆಯೋ ನನಗೆ ಗೊತ್ತಿಲ್ಲ."

ಮರುದಿನ ಮೇಜಿನ ಮೇಲೆ ಒಂದು ಫ್ಲಾಸ್ಕ್ ತುಂಬ ಬಿಸಿನೀರು. ಪಕ್ಕದಲ್ಲಿ ಲೋಟ, ಒಂದಲ್ಲ, ಎರಡು, ಎರಡನೆಯದು ಯಾರಿಗೋ!

"ಮೇಷ್ಟ್ರೇ, ಈ ಕಿಟಕಿ ಹತ್ರ ಒಂದು ಕುರ್ಚಿ ಇದ್ದಿದ್ರೆ ಬೀದಿ ನೋಡ್ಕೊಂಡು ಕೂರಬಹುದಿತ್ತು."

ಮರುದಿನ ಅಲ್ಲೊಂದು ಕುರ್ಚಿ. ಮೇಲೆ ಮೆತ್ತನೆಯ ದಿಂಬು.

ಅವಳು ಆ ಕುರ್ಚಿಯಲ್ಲಿ ಕೂತು ಬೀದಿಯನ್ನು ನೋಡಲಿಲ್ಲ. ನೀಲಿ ಚುಕ್ಕೆಯನ್ನೇ ನೋಡಿದಳು. ಅದು ಕಣ್ಣು ಮಿಟುಕಿಸದೆ ಅವಳನ್ನು ನೋಡಿತು. ಕೊನೆಗೆ ಅವಳೇ ಸೋತು ಕಣ್ಣು ತಗ್ಗಿಸಿದಳು.

"ಬಾಯಿ ಇಲ್ಲದ ದನಿ ಆಗಿತ್ತು, ಈಗ ದನಿಯೂ ಇಲ್ವಾ?" ಎಂದು ಅತ್ತಿಗೆ ರಾಗ ಎಳೆದಳು. "ಲೇ ಪೆದ್ದಿ, ಅವನ ಅಂಗಡಿ ಬಾಗಿಲು ಊರಿಗೆಲ್ಲ ತೆರೆದಿದೆ. ಕಣ್ಣು ನೋವು ಅಂತ ಹೋಗು."

"ನನಗೆ ಕಣ್ಣು ನೋವಿಲ್ಲ ಅತ್ತಿಗೆ."

"ನನಗೆ ನಿನ್ನ ನೋಡಿ ನೋಡಿ ಬಂದಿದೆ. ಹೋಗ್ತೀಯೋ ಇಲ್ವೋ?"

ಮಂಗಳವಾರ ಸಂಜೆ ಹೋದಳು. ಆಸ್ಪತ್ರೆಯ ಕಟ್ಟಡದ ಕೆಳಮಹಡಿಯಲ್ಲಿ ಗಾಜಿನ ಅಂಗಡಿ. ಒಳಗೆ ಬಿಳಿ ಕೋಟಿನ ಒಬ್ಬ ಎತ್ತರದವನು ಬೆನ್ನು ಹಾಕಿ ನಿಂತು ಲೆನ್ಸ್ ಒರೆಸುತ್ತಿದ್ದ.

"ಕೂತ್ಕೊಳ್ಳಿ. ಏನು ತೊಂದರೆ?" ಎಂದ, ತಿರುಗದೆ.

ಅದೇ ದನಿ.

"ಕಣ್ಣು... ಮಂಜು ಮಂಜು," ಎಂದಳು.

ಅವನು ತಿರುಗಿದ. ಅಗಲ ಹಣೆ, ದಣಿದರೂ ನಗುವ ಕಣ್ಣು. ಅವಳನ್ನು ನೋಡಿದ; ಗುರುತು ಹತ್ತಲಿಲ್ಲ. ಬೀರುವಿನ ಮೇಲೆ ಕೂತವನಿಗೆ ಮೂರು ವಾರ ಕಂಡದ್ದು ಹೆಚ್ಚಾಗಿ ಅವಳ ನೆತ್ತಿ; ಮುಖ ಕಂಡರೂ ಫೋನಿನ ಪುಟ್ಟ ಪರದೆಯಲ್ಲಿ ಸೊಟ್ಟಸೊಟ್ಟ, ಅವಳ ದನಿಯೂ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಮೆಷಿನ್‌ನ ಮುಂದೆ ಕೂರಿಸಿ, "ಗದ್ದ ಇಲ್ಲಿಡಿ," ಎಂದ. ಅವಳು ತಲೆ ಬಗ್ಗಿಸಿದಳು. ನಡುವೆ ಒಂಚೂರು ಎಡಕ್ಕೆ ವಾಲಿದ ಬೈತಲೆ, ಅದರ ಪಕ್ಕದಲ್ಲಿ ಪುಟ್ಟ ಸುಳಿ.

ಅವನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ನೀವು!"

"ನಾನೇ."

ಅಷ್ಟೇ. ಮೂರು ವಾರ ಹರಟಿದ ಇಬ್ಬರಿಗೂ ಮುಖ ಎದುರಾದ ಕೂಡಲೇ ಮಾತು ಕೈಕೊಟ್ಟಿತು. ಅವನು ಬಟ್ಟೆ ಎತ್ತಿಕೊಂಡ, ಮತ್ತೆ ಬೀಳಿಸಿದ. ಕಡೆಗೆ ಗೊತ್ತಿದ್ದ ಕೆಲಸಕ್ಕೇ ಮೊರೆಹೋದ. ಮೊದಲು ಮೆಷಿನ್‌ನಲ್ಲಿ ನೋಡಿದ. ಆಮೇಲೆ ಅವಳ ಮೂಗಿನ ಮೇಲೆ ಪರೀಕ್ಷೆಯ ದಪ್ಪ ಫ್ರೇಮ್ ಇಟ್ಟು, ಒಂದೊಂದೇ ಗಾಜು ಬದಲಿಸತೊಡಗಿದ.

"ಇದು ಸ್ಪಷ್ಟವಾಗಿದೆಯಾ? ಇದಾ?"

ಅವನ ಮುಖ ಒಂದು ಗೇಣಿನ ದೂರದಲ್ಲಿತ್ತು. ರೆಪ್ಪೆಗಳು ಹೆಣ್ಣುಮಕ್ಕಳಿಗೆ ಹೊಟ್ಟೆಕಿಚ್ಚಾಗುವಷ್ಟು ಉದ್ದ. ಎಡ ಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆ. ಅವಳಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು.

"ಗೊತ್ತಾಗ್ತಿಲ್ಲ," ಎಂದಳು. "ಇನ್ನೊಂದ್ಸಲ ತೋರಿಸಿ."

ಅವನು ಇನ್ನೊಮ್ಮೆ ತೋರಿಸಿದ. ಮತ್ತೊಮ್ಮೆ ತೋರಿಸಿದ. ಎಂಟನೆಯ ಗಾಜಿಗೆ ಅವನ ತುಟಿಯ ಕೊನೆ ಅಲುಗಿತು.

"ಮೆಷಿನ್ ಪ್ರಕಾರ ನಿಮ್ಮ ಕಣ್ಣಲ್ಲಿ ಒಂದು ದೋಷವೂ ಇಲ್ಲ. ನಿಮ್ಮ ಬಾಯಿ ಪ್ರಕಾರ ಮಾತ್ರ ನಿಮಗೆ ಬಲಗಣ್ಣೇ ಇಲ್ಲ."

"ಮೆಷಿನ್ ಕೆಟ್ಟಿರಬೇಕು."

"ಹೊಸದು."

ಅವಳು ನಕ್ಕಳು. ಅವನೂ ನಕ್ಕ. ಫ್ರೇಮ್ ತೆಗೆಯಲು ಬಂದ ಅವನ ಬೆರಳು ಅವಳ ಕಿವಿಯ ಹತ್ತಿರ ಒಂದು ಕ್ಷಣ ತಡೆಯಿತು. ಆಗ ಅವನು ಏನಾದರೂ ಹೇಳಬಹುದಿತ್ತು. ಹೇಳಿದ ಕೂಡ. ಆದರೆ ಹೇಳಿದ್ದೇನು ನೋಡಿ.

"ಶುಕ್ರವಾರ ಮುಗಿದ್ರೆ ನಿಮಗೂ ಒಂದು ಮನೆ ಕಡಿಮೆ. ಆರಾಮಾಗುತ್ತೆ."

ಅವಳ ನಗು ಇಳಿಯಿತು. ಇವನಿಗೆ ನಾನು ಒಂದು ಕೆಲಸ, ಕೆಲಸ ಮುಗಿದರೆ ನೆಮ್ಮದಿ ಎಂದುಕೊಂಡಳು. "ಹೌದು," ಎಂದು ಎದ್ದಳು. "ಆರಾಮಾಗುತ್ತೆ."

ಗಾಜಿನ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು. ಅವನು ಖಾಲಿ ಫ್ರೇಮ್ ಹಿಡಿದು ನಿಂತೇ ಇದ್ದ.

ಶುಕ್ರವಾರ ಬಂತು. ಬೆಳಿಗ್ಗೆಯಿಂದ ಮಧ್ಯಾಹ್ನ ಒಂದರವರೆಗೆ ಮೇಷ್ಟ್ರು ಒಬ್ಬರೇ ಇರಬೇಕು, ಯಾರೂ ಹೋಗುವಂತಿಲ್ಲ ಎಂದು ಸಂಘದವರು ಹೇಳಿದ್ದರು. ತೀರ್ಪು ನರ್ಸಮ್ಮನದು. ಅವಳು ಬೇರೆ ನಾಲ್ಕು ಮನೆ ಮುಗಿಸಿ ಒಂದೂವರೆಗೆ ಬಂದು ಮೆಟ್ಟಿಲು ಹತ್ತತೊಡಗಿದಳು. ನರ್ಸಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಕೂದಲು ಒಂದು ಕಡೆ ಎದ್ದು ನಿಂತಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಮೇಡಂ, ನನಗೆ ಸಿಟ್ಟಿತ್ತು ಆ ನಾಯಿ ಮೇಲೆ," ಎಂದರು. "ಮೂರು ತಿಂಗಳಾದ ಮೇಲೆ ಇವತ್ತು ನನ್ನಷ್ಟಕ್ಕೆ ನಾನು ಎದ್ದೆ. ಯಾರೂ ಎಬ್ಬಿಸಲಿಲ್ಲ. ಸಂಘಕ್ಕೆ ಆಗಲೇ ಫೋನ್ ಮಾಡಿದೆ. ಇರಲಿ ಬಿಡಿ, ಪಾಪ."

ಅವಳು ನರ್ಸಮ್ಮನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಮೇಲೆ ಹತ್ತಿ, ಕೀಲಿ ತಿರುಗಿಸಿ ಒಳಗೆ ಹೋದಳು. ಇದು ಕೊನೆಯ ಸಲ.

ಮೇಷ್ಟ್ರು ಬಾಲ ಬಡಿದರು. ಅವಳು ನೆಲದ ಮೇಲೆ ಕೂತು ಅವರ ಕತ್ತಿನಲ್ಲಿ ಮುಖ ಹುದುಗಿಸಿದಳು.

"ಪಾಸಾದ್ರಿ ಮೇಷ್ಟ್ರೇ. ಇನ್ನು ನೀವು ಎಲ್ಲೂ ಹೋಗೋ ಹಾಗಿಲ್ಲ. ನಾನೇ ಹೋಗಬೇಕು." ಅವರ ಕಿವಿಯ ಹಿಂದೆ ಕೆರೆದಳು. "ನಿಮಗೊಂದು ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟು ದಿನ ನಿಮ್ಮ ಹತ್ರ ಮಾತಾಡಿದ್ದೆಲ್ಲ ನಿಮ್ಮ ಹತ್ರ ಅಲ್ಲ. ಆರಾಮಾಗುತ್ತೆ ಅಂದ್ರು ನಿಮ್ಮನೆಯವರು. ನನಗೆ ಒಂಚೂರೂ ಆರಾಮಾಗಿಲ್ಲ. ಮನೆಯಿಂದ ಮನೆಗೆ ಹೋಗ್ತೀನಿ, ಎಲ್ಲ ಬೀರುಗಳ ಮೇಲೂ ಅವರನ್ನೇ ಹುಡುಕ್ತೀನಿ. ಅವರನ್ನ ಕಂಡ್ರೆ ನನಗೆ ಇಷ್ಟ ಮೇಷ್ಟ್ರೇ. ಅಷ್ಟೇ."

ತಲೆಯೆತ್ತಿ ನೋಡಿದಳು. ನೀಲಿ ಚುಕ್ಕೆ ಉರಿಯುತ್ತಿತ್ತು. ಒಂದು ನಿಮಿಷ ಕಾದಳು. ಎರಡು ನಿಮಿಷ. ಒಂದು ಮಾತೂ ಬರಲಿಲ್ಲ.

ಕೀಲಿಯನ್ನು ಮೇಜಿನ ಮೇಲಿಟ್ಟು, ಸದ್ದಿಲ್ಲದೆ ಹೊರಗೆ ಬಂದು ಬಾಗಿಲೆಳೆದುಕೊಂಡಳು. ಕಾಲು ಕೆಳಗಿಳಿಯಲಿಲ್ಲ. ಅಭ್ಯಾಸದಂತೆ ಮೆಟ್ಟಿಲ ಮೇಲೆ ಕೂತಳು, ಮೇಷ್ಟ್ರು ಕೂಗುತ್ತಾರೋ ಕೇಳಲು ಎಂದು ತನಗೇ ಹೇಳಿಕೊಂಡು. ಮೇಷ್ಟ್ರು ಕೂಗಲಿಲ್ಲ. ಅಳು ಬಂದದ್ದು ಅವಳಿಗೆ. ಬಾಯಿಗೆ ದುಪಟ್ಟಾ ಒತ್ತಿಕೊಂಡು, ನಾಯಿಗೆ ಕೇಳಿಸದ ಹಾಗೆ ಅತ್ತಳು.

ಹದಿನೆಂಟು ನಿಮಿಷ ಕಳೆದಿರಬೇಕು. ಕೆಳಗಿನಿಂದ ದಡದಡ ಹೆಜ್ಜೆ ಸದ್ದು. ಅರ್ಧ ದಾರಿಗೆ ಆ ಹೆಜ್ಜೆಗೆ ಬುದ್ಧಿ ಬಂದು, ತುದಿಗಾಲಾಯಿತು. ಬಿಳಿ ಕೋಟು ಹಾಕಿಕೊಂಡವನೊಬ್ಬ ಏದುಸಿರು ಬಿಡುತ್ತ ಎದುರಿಗೆ ನಿಂತ. ಕೋಟಿನ ಜೇಬಿನಿಂದ ಪರೀಕ್ಷೆಯ ಗಾಜುಗಳು ಇಣುಕುತ್ತಿದ್ದವು.

"ಅಲ್ಲಿಂದಲೇ ಹೇಳಬಹುದಿತ್ತು," ಎಂದ, ಪಿಸುದನಿಯಲ್ಲಿ. "ಸ್ಪೀಕರ್ ಮೇಲೆ ಬೆರಳು ಇಟ್ಟಿದ್ದೆ. ಒತ್ತಿದ್ರೆ ಮೇಷ್ಟ್ರು ಎದ್ದು ಕೂಗ್ತಿದ್ರು."

"ಅದಕ್ಕೆ?"

"ಅದಕ್ಕೆ ಓಡಿ ಬಂದೆ. ಅಲ್ಲೊಬ್ಬರು ಅಜ್ಜ ಕೂತಿದ್ದಾರೆ. ಒಂದೇ ಕಣ್ಣು ಪರೀಕ್ಷೆ ಆಗಿದೆ."

ಅಳುವಿನ ನಡುವೆ ಅವಳಿಗೆ ನಗು ಬಂತು. ಅದನ್ನೂ ದುಪಟ್ಟಾದಲ್ಲೇ ಮುಚ್ಚಿಕೊಂಡಳು.

"ಆರಾಮಾಗುತ್ತೆ ಅಂದ್ರಿ," ಎಂದಳು, ಅದೇ ಪಿಸುದನಿಯಲ್ಲಿ.

"ಪೆದ್ದು ಮಾತು. ನಿಮ್ಮ ಮುಖ ಎದುರಿಗಿದ್ರೆ ನನ್ನ ತಲೆ ನಿಲ್ಲಲ್ಲ. ಬೀರು ಮೇಲಿದ್ದಾಗ ಜಾಣನಾಗಿದ್ದೆ." ಅವನು ಎರಡು ಮೆಟ್ಟಿಲು ಕೆಳಗೆ ಕೂತ, ಈಗ ಅವಳ ಕಣ್ಣಿಗೆ ಅವನ ಕಣ್ಣು ಸಮ. "ನನಗೂ ಇಷ್ಟ. ಆ ಕೋಲು ಹಿಡ್ಕೊಂಡು ನಿಂತ ದಿನದಿಂದಲೇ."

"ಏನು? ಕೇಳಿಸಲಿಲ್ಲ."

"ಕೇಳಿಸ್ತು ನಿಮಗೆ."

"ಇನ್ನೊಂದ್ಸಲ ಹೇಳಿ."

"ಗಟ್ಟಿಯಾಗಿ ಹೇಳಪ್ಪಾ," ಕೆಳಗಿನಿಂದ ನರ್ಸಮ್ಮನ ದನಿ ಬಂತು. "ನಾನು ಎದ್ದೇ ಇದೀನಿ."

ಅವನ ಕಿವಿ ಕೆಂಪಾಯಿತು. ಮೊಟ್ಟಮೊದಲ ಸಲ ಅವಳು ಅವನ ನಾಚಿಕೆಯನ್ನು ಕಣ್ಣಾರೆ ಕಂಡಳು. ಇಷ್ಟು ದಿನ ಅದು ಬರೀ ಕೆಮ್ಮಾಗಿ ಕೇಳಿಸುತ್ತಿತ್ತು. ಅವನು ಅವಳ ಕೈ ಹಿಡಿದುಕೊಂಡ. ಲೆನ್ಸ್ ಉಜ್ಜಿ ಉಜ್ಜಿ ಬೆರಳ ತುದಿಗಳು ನಯವಾಗಿದ್ದವು, ಬೆಚ್ಚಗಿದ್ದವು.

"ನಾನಿಲ್ಲದ ಮನೆಗೆ ನಾಲ್ಕು ವಾರ ಬಂದ್ರಿ," ಎಂದ. "ನಾನಿರೋ ಮನೆಗೆ ಒಂದು ಸಲ ಬನ್ನಿ. ಕೆಲಸಕ್ಕಲ್ಲ."

"ಅಜ್ಜ?"

"ಅಜ್ಜನಿಗೆ ಬಿಡುವಿದೆ ಅಂತೆ. ನನ್ನ ಮುಖ ನೋಡಿ ಅವರೇ ಓಡು ಅಂದ್ರು. ಐದು ನಿಮಿಷ ಬನ್ನಿ ಸಾಕು."

"ಕೀಲಿ ಒಳಗಿಟ್ಟು ಬಂದೆ ನಾನು."

"ಒಳ್ಳೇದಾಯ್ತು."

ಅವನು ಎದ್ದು ಮೇಲೆ ಹೋಗಿ, ತನ್ನ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಹೋದ. ಮೇಷ್ಟ್ರು ಸಂಭ್ರಮದಿಂದ ಬೊಗಳಿದ್ದು, ಉಗುರುಗಳು 'ಚಟಪಟ' ನೆಲದ ಮೇಲೆ ಕುಣಿದದ್ದು ಕೇಳಿಸಿತು. ಬಾಗಿಲು ಮತ್ತೆ ಮುಚ್ಚಿಕೊಂಡಿತು. ಅವಳಿಗೆ ಅರ್ಥವಾಯಿತು. ಐದು ಮನೆಯ ಬಾಗಿಲನ್ನು ದಿನವೂ ತಾನೇ ತೆರೆಯುವವಳು ಅವಳು. ಖಾಲಿ ಮನೆಗಳಲ್ಲಿ ಬಾಗಿಲು ತೆಗೆಯುವವರು ಯಾರಿರುತ್ತಾರೆ? ಈ ಬಾಗಿಲಿಗೊಂದು ಕರೆಗಂಟೆ ಇದೆಯೆಂಬುದನ್ನೇ ಅವಳು ಈವರೆಗೆ ಗಮನಿಸಿರಲಿಲ್ಲ.

ಕಣ್ಣೊರೆಸಿಕೊಂಡಳು. ಕೂದಲು ಸರಿಮಾಡಿಕೊಂಡಳು. ಗಂಟೆ ಒತ್ತಿದಳು.

"ಯಾರು?" ಎಂದಿತು ಒಳಗಿನ ದನಿ. ನಗು ತಡೆದುಕೊಂಡ ದನಿ ಅದು, ಬಾಗಿಲಿನ ಆಚೆಗೇ, ಅವಳ ಹಣೆಯ ಎತ್ತರದಲ್ಲಿ.

ಹೊರಗಿನವರಾದರೆ ಹೆಸರು ಹೇಳಬೇಕು, ಯಾವ ಕೆಲಸಕ್ಕೆ ಬಂದೆ ಎನ್ನಬೇಕು, ಯಾರು ಕಳಿಸಿದರು ಎಂದು ವಿವರಿಸಬೇಕು. ಅವಳು ಬಾಯಿ ತೆರೆದಳು. ಹೇಳಲು ಅದೊಂದೂ ಇರಲಿಲ್ಲ.

"ನಾನು," ಎಂದಳು, ಮನೆಯವರು ಹೇಳುವ ಹಾಗೆ.

ಚಿಲಕ ಸರಿಯಿತು.